ಸೀಜ್ ಆದ ಬೋಟ್ ಎಂಜಿನ್: ಹೊರಗೆ ಎತ್ತುವ ಮೊದಲು ಒಳಗೆ ನೋಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪ್ರಶ್ನೋತ್ತರ ಅಂಕಣದಲ್ಲಿ ಓದುಗರೊಬ್ಬರು ಕೇಳಿದ್ದರು: ಬೋಟಿನ ಎಂಜಿನ್ ಸೀಜ್ ಆಗಿದೆ (ಅಂದರೆ ಒಳಗೆ ಹಿಡಿದುಕೊಂಡು ತಿರುಗುತ್ತಿಲ್ಲ), ನಾನೇ ಕಳಚಿ ಹೊರಗೆ ತೆಗೆಯಬಹುದಾ? ಅದಕ್ಕೆ ಬಂದ ಉತ್ತರ ಒಂದೇ ಸಾಲು. ಬೇಡ, ಮೆಕ್ಯಾನಿಕ್‌ಗೆ ಬಿಡಿ ಅಂತ. ಆ ಉತ್ತರ ತಪ್ಪು ಅಂತ ನಾನು ಹೇಳುತ್ತಿಲ್ಲ, ಆದರೆ ಕೇಳಿದವರ ಕೈಗೆ ಅದರಿಂದ ಏನೂ ಸಿಗಲಿಲ್ಲ. ಮೆಕ್ಯಾನಿಕ್‌ಗೆ ಕೊಡುವವರೂ ಏನನ್ನು ಕೊಡುತ್ತಿದ್ದೇವೆ, ಯಾಕೆ ಕೊಡುತ್ತಿದ್ದೇವೆ ಅಂತ ತಿಳಿದು ಕೊಡಬೇಕು. ಇಲ್ಲದಿದ್ದರೆ ಸುಲಭವಾಗಿ ಬಿಡಿಸಬಹುದಾದ ಎಂಜಿನ್ನೂ ಗುಜರಿಗೆ ಹೋಗುತ್ತದೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ಸಾಧ್ಯವಾದರೆ ಪೂರ್ತಿ ಹಾಕಿ.

ಆ ಒಂದು ಪ್ರಶ್ನೆಯ ಒಳಗೆ ಮೂರು ನಾಲ್ಕು ಪ್ರಶ್ನೆಗಳಿವೆ. ಎಂಜಿನ್ ನಿಜವಾಗಿಯೂ ಸೀಜ್ ಆಗಿದೆಯಾ? ಆಗಿದ್ದರೆ ಎಲ್ಲಿ ಹಿಡಿದುಕೊಂಡಿದೆ? ಅದನ್ನು ಬಿಡಿಸಲು ಹೊರಗೆ ತೆಗೆಯಲೇಬೇಕಾ? ತೆಗೆಯಲೇಬೇಕು ಅಂತಾದರೆ ಯಾವ ಕೆಲಸ ನನ್ನ ಕೈಯಲ್ಲಿ ಆಗುತ್ತದೆ, ಯಾವುದಕ್ಕೆ ಬೇರೆಯವರು ಬೇಕು? ಹೆಚ್ಚಿನವರು ಮೊದಲ ಮೂರನ್ನು ಬಿಟ್ಟು ಸೀದಾ ಕೊನೆಯದಕ್ಕೆ ಬರುತ್ತಾರೆ. ಅಲ್ಲೂ ಎಲ್ಲಾ ನಾನೇ ಮಾಡಬೇಕು, ಇಲ್ಲಾ ಏನೂ ಮುಟ್ಟಬಾರದು ಅಂತ ಎರಡೇ ದಾರಿ ನೋಡುತ್ತಾರೆ. ಹಾಗೇನೂ ಇಲ್ಲ. ಈ ಕೆಲಸವನ್ನು ಹಂಚಿಕೊಳ್ಳಬಹುದು.

ಮೊದಲನೆಯದಾಗಿ, ಎಂಜಿನ್ ತಿರುಗುತ್ತಿಲ್ಲ ಅಂದ ಮಾತ್ರಕ್ಕೆ ಸೀಜ್ ಆಗಿದೆ ಅಂತ ಅಲ್ಲ. ಬ್ಯಾಟರಿ ಸತ್ತಿರಬಹುದು. ಅರ್ತ್ ವೈರಿನ ಜೋಡಣೆ ಹಸಿರುಗಟ್ಟಿ ಕರೆಂಟು ಹೋಗದೇ ಇರಬಹುದು. ಸ್ಟಾರ್ಟರ್ ಮೋಟರಿನ ಹಲ್ಲು ಫ್ಲೈವೀಲಿಗೆ ಸಿಕ್ಕಿಕೊಂಡಿರಬಹುದು. ಗೇರ್ ಬಿದ್ದಿದ್ದು, ಕೆಳಗೆ ಪ್ರೊಪೆಲ್ಲರಿಗೆ ಹಗ್ಗವೋ ಬಲೆಯೋ ಸುತ್ತಿಕೊಂಡಿರಬಹುದು. ಹಾಗಾಗಿ ಗೇರನ್ನು ನ್ಯೂಟ್ರಲ್‌ಗೆ ತನ್ನಿ, ಬೆಲ್ಟ್ ಬಿಚ್ಚಿ, ಸ್ಟಾರ್ಟರನ್ನೇ ಕಳಚಿ ಪಕ್ಕಕ್ಕಿಡಿ. ಆಮೇಲೆ ಕ್ರ್ಯಾಂಕಿನ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡದ) ಪುಲ್ಲಿಯ ನಡುವಿನ ಬೋಲ್ಟಿಗೆ ಉದ್ದ ಹಿಡಿಯ ಸಾಕೆಟ್ ಹಾಕಿ ಕೈಯಿಂದ ತಿರುಗಿಸಿ ನೋಡಿ. ಜೋರು ಹಾಕುವುದಾದರೆ ಬೋಲ್ಟ್ ಬಿಗಿಯಾಗುವ ಕಡೆಗೇ ಹಾಕಬೇಕು, ಉಲ್ಟಾ ಜೋರಾಗಿ ಒತ್ತಿದರೆ ಬೋಲ್ಟೇ ಸಡಿಲವಾಗಿ ಬಂದುಬಿಡುತ್ತದೆ. ಇಷ್ಟು ಮಾಡಿದ ಮೇಲೂ ಒಂದಿಷ್ಟೂ ಅಲುಗದಿದ್ದರೆ ತೊಂದರೆ ಎಂಜಿನ್ನಿನ ಒಳಗೇ ಇದೆ ಅಂತ ಹೇಳಬಹುದು. ಇದಕ್ಕೆಲ್ಲ ಅರ್ಧ ದಿನ ಸಾಕು, ಏನನ್ನೂ ಎತ್ತಬೇಕಾಗಿಲ್ಲ.

ಇಲ್ಲೊಂದು ವಿಷಯವನ್ನು ನಾನು ಒತ್ತಿ ಹೇಳಬೇಕು, ಯಾಕೆಂದರೆ ಎಷ್ಟೋ ಎಂಜಿನ್ನುಗಳು ಇದರಿಂದಲೇ ಹಾಳಾಗುತ್ತವೆ. ಸಿಲಿಂಡರಿನ ಒಳಗೆ ನೀರು ತುಂಬಿದ್ದರೂ ಎಂಜಿನ್ ತಿರುಗುವುದಿಲ್ಲ. ಗಾಳಿಯನ್ನು ಪಿಸ್ಟನ್ ಒತ್ತಿ ಕುಗ್ಗಿಸಬಹುದು, ನೀರನ್ನು ಆಗುವುದಿಲ್ಲ. ಅಂಥ ಎಂಜಿನ್ನಿಗೆ ಸ್ಟಾರ್ಟರ್ ಕೊಟ್ಟು ಕೊಟ್ಟು ಒತ್ತಾಯ ಮಾಡಿದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅಲ್ಲಿಯವರೆಗೆ ಬರೀ ನೀರು ಹೊರಹಾಕಿದರೆ ಮುಗಿಯುತ್ತಿದ್ದ ಕೆಲಸ, ಆಮೇಲೆ ಪೂರ್ತಿ ಬಿಚ್ಚುವ ಕೆಲಸ ಆಗುತ್ತದೆ. ಸ್ವಲ್ಪ ತಿರುಗಿ ಗಟ್ಟಿಯಾಗಿ ನಿಲ್ಲುತ್ತದೆ, ಹಿಂದಕ್ಕೆ ತಿರುಗಿಸಿದರೆ ಅಲ್ಲೂ ಬಿಟ್ಟುಕೊಡುತ್ತದೆ ಅಂದರೆ ಮೊದಲು ನೀರಿನ ಮೇಲೆ ಅನುಮಾನ ಪಡಿ. ಡೀಸೆಲ್ ಆದರೆ ಇಂಜೆಕ್ಟರುಗಳನ್ನು, ಪೆಟ್ರೋಲ್ ಆದರೆ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಆಮೇಲೆ ಕೈಯಿಂದ ನಿಧಾನವಾಗಿ ತಿರುಗಿಸಿ. ಮುಖವನ್ನು ಆ ತೂತುಗಳಿಂದ ದೂರ ಇಡಿ, ಒಳಗಿನ ನೀರು ರಭಸದಿಂದ ಚಿಮ್ಮುತ್ತದೆ.

ಆ ನೀರು ಬರುವುದಾದರೂ ಎಲ್ಲಿಂದ? ಹೊರಗಿನ ನೀರಿನಿಂದ ತಣ್ಣಗಾಗುವ ಬೋಟ್ ಎಂಜಿನ್‌ಗಳಲ್ಲಿ ಆ ನೀರು ಕೊನೆಗೆ ಹೊಗೆಯ ಜೊತೆ ಸೇರಿ ಎಕ್ಸಾಸ್ಟಿನಿಂದ ಹೊರಗೆ ಹೋಗುತ್ತದೆ. ಅದನ್ನು ತಳ್ಳುವುದು ಹೊಗೆಯೇ. ಎಂಜಿನ್ ಹತ್ತದೇ ಇರುವಾಗ ಮತ್ತೆ ಮತ್ತೆ ಸ್ಟಾರ್ಟರ್ ಒತ್ತುತ್ತಾ ಹೋದರೆ ಪಂಪು ನೀರು ಕಳಿಸುತ್ತಲೇ ಇರುತ್ತದೆ, ತಳ್ಳಲು ಹೊಗೆ ಇರುವುದಿಲ್ಲ, ಸೈಲೆನ್ಸರ್ ತುಂಬಿ ನೀರು ಹಿಂದಕ್ಕೆ ಏರಿ ಎಕ್ಸಾಸ್ಟ್ ವಾಲ್ವಿನ ಮೂಲಕ ಸಿಲಿಂಡರಿಗೆ ಇಳಿಯುತ್ತದೆ. ಹಾಗಾಗಿ ತುಂಬಾ ಹೊತ್ತು ಸ್ಟಾರ್ಟರ್ ಕೊಡಬೇಕಾದರೆ ನೀರು ಒಳಗೆ ಬರುವ ವಾಲ್ವನ್ನು ಮುಚ್ಚಿರಬೇಕು, ಎಂಜಿನ್ ಹತ್ತಿದ ತಕ್ಷಣ ತೆರೆಯಬೇಕು. ಇದಲ್ಲದೆ ಎಕ್ಸಾಸ್ಟಿನ ಮೊಣಕೈ ಪೈಪು ಒಳಗಿನಿಂದ ತಿಂದುಹೋಗಿದ್ದರೂ, ಹೆಡ್ಡಿನ (ಸಿಲಿಂಡರುಗಳ ಮೇಲಿನ ಮುಚ್ಚಳದ) ಗ್ಯಾಸ್ಕೆಟ್ ಹೋಗಿದ್ದರೂ, ಸೈಫನ್, ಅಂದರೆ ನಿಂತ ಎಂಜಿನ್ನಿಗೆ ನೀರು ತಾನಾಗಿ ಹರಿದು ಬರುವುದನ್ನು, ತಡೆಯುವ ವಾಲ್ವ್ ಕಟ್ಟಿಕೊಂಡಿದ್ದರೂ ನೀರು ಒಳಗೆ ಬರುತ್ತದೆ. ಕಾರಣ ಹುಡುಕದೆ ಎಂಜಿನ್ ಒಂದನ್ನೇ ಬಿಡಿಸಿದರೆ ಅದು ಮತ್ತೆ ಹಿಡಿದುಕೊಳ್ಳುತ್ತದೆ.

ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ, ಅಥವಾ ಮಟ್ಟ ಇರಬೇಕಾದ್ದಕ್ಕಿಂತ ಮೇಲಿದ್ದರೆ, ಆಯಿಲಿಗೆ ನೀರು ಸೇರಿರಬಹುದು. ಆಯಿಲ್ ಇಳಿಸಿ ಬಟ್ಟೆಯ ಮೇಲೆ ಹರಡಿ ನೋಡಿ. ಹೊಳೆಯುವ ಲೋಹದ ಚೂರುಗಳು ಕಂಡರೆ ಬೇರಿಂಗ್ ಹೋಗಿದೆ ಅಂತ ಲೆಕ್ಕ. ಇದು ಯಾಕೆ ಮುಖ್ಯ ಅಂದರೆ, ಎಂಜಿನ್ ಎಲ್ಲಿ ಹಿಡಿದುಕೊಂಡಿದೆ ಅನ್ನುವುದರ ಮೇಲೆ ಮುಂದಿನ ಎಲ್ಲವೂ ನಿಂತಿದೆ. ಸುಮ್ಮನೆ ನಿಂತು ನಿಂತು ತುಕ್ಕು ಹಿಡಿದಿದ್ದರೆ ಪಿಸ್ಟನ್ ರಿಂಗು ಸಿಲಿಂಡರ್ ಗೋಡೆಗೆ ಅಂಟಿರುತ್ತದೆ. ವಾಲ್ವ್ ತೆರೆದ ಸ್ಥಿತಿಯಲ್ಲಿ ನಿಂತ ಸಿಲಿಂಡರಿಗೇ ಇದು ಜಾಸ್ತಿ, ಯಾಕೆಂದರೆ ತೇವದ ಗಾಳಿ ಅಲ್ಲಿಗೆ ನೇರವಾಗಿ ಹೋಗುತ್ತದೆ. ಇಂಥ ಎಂಜಿನ್ ಎಷ್ಟೋ ಸಲ ಬೋಟಿನಲ್ಲೇ ಬಿಡುತ್ತದೆ. ನೀರಿನ ಪಂಪಿನ ಇಂಪೆಲ್ಲರ್ (ನೀರು ತಳ್ಳುವ ರಬ್ಬರ್ ಚಕ್ರ) ಹರಿದು, ಬಿಸಿಯಾಗಿ ನಿಂತದ್ದಾದರೆ ಪಿಸ್ಟನ್ ಹಿಗ್ಗಿ ಸಿಲಿಂಡರನ್ನು ಕೆರೆದಿರುತ್ತದೆ. ತಣ್ಣಗಾದ ಮೇಲೆ ಅದು ತಿರುಗಿದರೂ ಗೋಡೆಯ ಮೇಲಿನ ಗೀರು ಹೋಗುವುದಿಲ್ಲ. ಆಯಿಲ್ ಇಲ್ಲದೆ ಓಡಿ ಬೇರಿಂಗ್ ಕರಗಿ ಕ್ರ್ಯಾಂಕಿಗೆ ಅಂಟಿದ್ದರೆ ಸಿಲಿಂಡರಿಗೆ ಎಷ್ಟು ಎಣ್ಣೆ ಹೊಯ್ದರೂ ವ್ಯರ್ಥ. ಅದು ಹೊರಗೆ ಬರಲೇಬೇಕು.

ತುಕ್ಕಿನ ಎಂಜಿನ್ನಿಗೆ ಬೇಕಾದದ್ದು ತಾಳ್ಮೆ. ಪ್ಲಗ್ ಅಥವಾ ಇಂಜೆಕ್ಟರಿನ ತೂತಿನಿಂದ ತುಕ್ಕು ಬಿಡಿಸುವ ಎಣ್ಣೆ ಹಾಕಿ. ಆಟೋಮ್ಯಾಟಿಕ್ ಗೇರ್ ಬಾಕ್ಸಿಗೆ ಹಾಕುವ ಎಟಿಎಫ್ ಆಯಿಲನ್ನೂ ಅಸಿಟೋನನ್ನೂ ಸಮಸಮ ಬೆರೆಸಿ ಬಳಸುವವರು ಬಹಳ ಜನ ಇದ್ದಾರೆ. ಅಸಿಟೋನ್ ಬೇಗ ಹೊತ್ತಿಕೊಳ್ಳುವ ವಸ್ತು, ಹಾಗಾಗಿ ಮುಚ್ಚಿದ ಎಂಜಿನ್ ಗೂಡಿನಲ್ಲಿ ಅದನ್ನು ಹಾಕಿ ಪಕ್ಕದಲ್ಲೇ ಗ್ಯಾಸ್ ಟಾರ್ಚಿನಿಂದ ಬೋಲ್ಟ್ ಕಾಯಿಸಲು ಕೂರಬೇಡಿ. ಎಣ್ಣೆ ನಿಧಾನಕ್ಕೆ ರಿಂಗು ದಾಟಿ ಕೆಳಗೆ ಇಳಿಯುತ್ತದೆ, ಆಗಾಗ ನೋಡಿ ಮತ್ತೆ ತುಂಬಿಸಿ. ಒಂದು ವಾರ, ಬೇಕಾದರೆ ಎರಡು ವಾರ ಬಿಡಿ. ದಿನಕ್ಕೊಮ್ಮೆ ಎರಡೂ ಕಡೆಗೆ ಮೆಲ್ಲಗೆ ಅಲುಗಿಸಿ ನೋಡಿ. ಕೂದಲೆಳೆಯಷ್ಟು ಅಲುಗಿದರೂ ಸಾಕು, ಅದನ್ನೇ ಹಿಂದಕ್ಕೆ ಮುಂದಕ್ಕೆ ಮಾಡುತ್ತಾ ಮಾಡುತ್ತಾ ಜಾಸ್ತಿ ಮಾಡಿಕೊಳ್ಳಬಹುದು. ಹಿಡಿಗೆ ಉದ್ದದ ಪೈಪು ಸಿಕ್ಕಿಸಿ ಇಬ್ಬರು ಸೇರಿ ಜಗ್ಗುವುದು ಮಾತ್ರ ಬೇಡ. ಆಗ ಮುರಿಯುವುದು ತುಕ್ಕಲ್ಲ, ರಿಂಗು ಅಥವಾ ಬೋಲ್ಟು. ಎಂಜಿನ್ ಬಿಟ್ಟುಕೊಂಡರೂ ಒಳಗೆ ಉಳಿದ ಎಣ್ಣೆಯನ್ನು ಪೂರ್ತಿ ಹೊರಹಾಕಿ, ಆಯಿಲ್ ಬದಲಿಸಿ, ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆದ ಮೇಲೆಯೇ ಅದನ್ನು ನಂಬಬೇಕು.

ಅಷ್ಟಕ್ಕೂ ಬಿಡದಿದ್ದರೆ ಮುಂದಿನ ಹೆಜ್ಜೆ ಎಂಜಿನ್ ಎತ್ತುವುದಲ್ಲ, ಹೆಡ್ ಬಿಚ್ಚುವುದು. ಹೆಚ್ಚಿನ ಎಂಜಿನ್‌ಗಳಲ್ಲಿ ಎಂಜಿನ್ ಇದ್ದಲ್ಲೇ ಇದನ್ನು ಮಾಡಬಹುದು. ಹೆಡ್ ತೆಗೆದರೆ ಸಿಲಿಂಡರ್ ಗೋಡೆ ಕಣ್ಣೆದುರಿಗೇ ಇರುತ್ತದೆ. ಬರೀ ಮೇಲಿನ ತುಕ್ಕಾ, ಗುಂಡಿ ಬಿದ್ದಿದೆಯಾ, ಗೀರು ಎಷ್ಟು ಆಳ ಅಂತ ಬೆರಳಿಗೇ ಗೊತ್ತಾಗುತ್ತದೆ. ಪಿಸ್ಟನ್ ಮೇಲೆ ಗಟ್ಟಿ ಮರದ ತುಂಡು ಇಟ್ಟು ಸುತ್ತಿಗೆಯಿಂದ ತಟ್ಟುವ ಕ್ರಮವೂ ಇದೆ, ಆದರೆ ನಡುಮಟ್ಟದಲ್ಲಿ ನಿಂತ ಪಿಸ್ಟನ್ನಿಗೆ ಮಾತ್ರ. ತೀರಾ ಮೇಲೆ ಅಥವಾ ತೀರಾ ಕೆಳಗೆ ಇರುವುದಕ್ಕೆ ಹೊಡೆದರೆ ಪೆಟ್ಟು ನೇರ ಕ್ರ್ಯಾಂಕಿಗೆ ಬೀಳುತ್ತದೆ, ತಿರುಗುವ ಮಾತೇ ಇಲ್ಲ. ಕೆಲವು ಎಂಜಿನ್ನಿಗೆ ಸಿಲಿಂಡರ್ ಲೈನರ್, ಅಂದರೆ ಸಿಲಿಂಡರಿನ ಒಳಗೋಡೆಯ ಕೊಳವೆ, ಬೇರೆಯಾಗಿ ಕೂರಿಸಿರುತ್ತಾರೆ. ಅಂಥದ್ದರಲ್ಲಿ ಹೆಡ್ ತೆಗೆದ ಮೇಲೆ ಒರಟಾಗಿ ತಿರುಗಿಸಿದರೆ ಲೈನರ್ ಎದ್ದು ಕೆಳಗಿನ ಸೀಲು ಸೋರಲು ಶುರುವಾಗುತ್ತದೆ, ಹಾಗಾಗಿ ಅದನ್ನು ಮೊದಲೇ ತಿಳಿದುಕೊಳ್ಳಿ.

ಮುಳುಗಿದ ಬೋಟಿನ ಎಂಜಿನ್ ಮಾತ್ರ ಇದಕ್ಕೆಲ್ಲ ಕಾಯುವುದಿಲ್ಲ. ಉಪ್ಪುನೀರಿನಿಂದ ಮೇಲೆ ಬಂದ ಎಂಜಿನ್ ಗಾಳಿ ಸೋಕಿದ ಕೂಡಲೇ ತುಕ್ಕು ಹಿಡಿಯತೊಡಗುತ್ತದೆ. ಅಲ್ಲಿ ಲೆಕ್ಕ ಗಂಟೆಗಳಲ್ಲಿ, ವಾರಗಳಲ್ಲಿ ಅಲ್ಲ. ಸಿಹಿನೀರಿನಲ್ಲಿ ತೊಳೆದು, ನೀರು ಹೊರಹಾಕಿ, ಒಳಗೆಲ್ಲ ಡೀಸೆಲ್ಲೋ ಆಯಿಲ್ಲೋ ತುಂಬಿಸಿಡಬೇಕು. ತೆಗೆಯುವುದಾ ಬೇಡವಾ ಅಂತ ಆಮೇಲೆ ಯೋಚನೆ ಮಾಡಿದರಾಯಿತು.

ಇಷ್ಟೆಲ್ಲ ನೋಡಿದ ಮೇಲೂ ಹೊರಗೆ ತೆಗೆಯಲೇಬೇಕು ಅಂತಾದರೆ, ಆಗ ಬರುತ್ತದೆ ಆ ಓದುಗರ ಪ್ರಶ್ನೆ. ನಾನು ಹೇಳುವುದು ಇಷ್ಟು: ಕಳಚುವ ಕೆಲಸದ ಬಹುಪಾಲು ನೀವೇ ಮಾಡಿ, ಎತ್ತುವ ಕೆಲಸಕ್ಕೆ ಸರಿಯಾದ ಸಾಧನವೂ ಗೊತ್ತಿರುವ ಜನವೂ ಇಲ್ಲದಿದ್ದರೆ ಅದನ್ನು ಬೇರೆಯವರಿಗೆ ಕೊಡಿ. ಸ್ಪ್ಯಾನರ್ ಹಿಡಿದು ಅಭ್ಯಾಸ ಇರುವವರಿಗೆ ವೈರು, ಹೋಸು, ಕೇಬಲ್ಲು, ಆಲ್ಟರ್ನೇಟರು, ಎಕ್ಸಾಸ್ಟು ಬಿಚ್ಚುವುದು ಕಷ್ಟವಲ್ಲ, ಹೊತ್ತು ತೆಗೆದುಕೊಳ್ಳುತ್ತದೆ ಅಷ್ಟೆ. ಇನ್ನೊಬ್ಬರ ಗಂಟೆ ಲೆಕ್ಕದ ಕೂಲಿಯಲ್ಲಿ ಜಾಸ್ತಿ ಹೋಗುವುದೂ ಇಲ್ಲೇ. ಒಂದು ಬೋಲ್ಟ್ ಬಿಚ್ಚುವ ಮೊದಲೂ ಫೋಟೊ ತೆಗೆಯಿರಿ, ಪ್ರತಿ ವೈರಿಗೂ ಚೀಟಿ ಕಟ್ಟಿ. ಬ್ಯಾಟರಿಯ ನೆಗೆಟಿವ್ ವೈರು ಮೊದಲು ಕಳಚಿ. ಅಲ್ಯೂಮಿನಿಯಂನಲ್ಲಿ ಕೂತ ಉಕ್ಕಿನ ಬೋಲ್ಟುಗಳಿಗೆ ಎರಡು ಮೂರು ದಿನ ಮೊದಲೇ ಎಣ್ಣೆ ಬಿಟ್ಟಿರಿ, ಉಪ್ಪು ತಿಂದ ಬೋಲ್ಟ್ ಆತುರಕ್ಕೆ ಕತ್ತು ಮುರಿದುಕೊಳ್ಳುತ್ತದೆ. ಇಳಿಸಿದ ಆಯಿಲ್ಲನ್ನೂ ಕೂಲೆಂಟನ್ನೂ ಡಬ್ಬಿಗೆ ಹಿಡಿಯಿರಿ. ಕೂಲೆಂಟಿನಲ್ಲಿರುವ ಗ್ಲೈಕಾಲ್ ವಿಷ. ಬೋಟಿನ ತಳಕ್ಕೆ ಬಿಟ್ಟು ಆಮೇಲೆ ಪಂಪಿನಿಂದ ನೀರಿಗೆ ಕಳಿಸುವುದು ದೊಡ್ಡ ತಪ್ಪು.

ನೀರಿನ ಮೇಲೆ ಇರುವಾಗಲೇ ಎಂಜಿನ್ ತೆಗೆಯುವುದಾದರೆ ಬೋಟು ಮುಳುಗುವ ದಾರಿಗಳು ಮೂರಿವೆ, ಮೂರೂ ಎಂಜಿನ್ನಿಗೆ ತಾಗಿಕೊಂಡೇ ಇರುತ್ತವೆ. ಒಂದು, ನೀರು ಒಳಗೆ ಬರುವ ಹೋಸು. ವಾಲ್ವ್ ಮುಚ್ಚಿದೆ ಅಂತ ಹಿಡಿ ನೋಡಿ ನಂಬಬೇಡಿ, ಹಳೆಯ ವಾಲ್ವಿನ ಹಿಡಿ ತಿರುಗಿದರೂ ಒಳಗೆ ತೆರೆದೇ ಇರಬಹುದು. ಹೋಸನ್ನು ಸ್ವಲ್ಪ ಸಡಿಲಿಸಿ, ನೀರು ನಿಲ್ಲುತ್ತದಾ ನೋಡಿ ಆಮೇಲೆ ಎಳೆಯಿರಿ, ತೂತಿಗೆ ತಕ್ಕ ಮರದ ಬೆಣೆ ಕೈಗೆ ಸಿಗುವಲ್ಲಿ ಇರಲಿ. ಎರಡು, ಎಕ್ಸಾಸ್ಟ್ ಹೋಸು. ಅದರ ಬಾಯಿ ನೀರಿನ ಮಟ್ಟಕ್ಕೆ ಹತ್ತಿರವೇ ಇರುತ್ತದೆ, ಅಲೆ ಬಂದರೆ ಒಳಗೆ ಸುರಿಯುತ್ತದೆ. ಮೂರನೆಯದು ಶಾಫ್ಟ್. ಇದನ್ನು ಯಾರೂ ಮುಂಚೆ ಯೋಚಿಸುವುದಿಲ್ಲ. ಗೇರ್ ಬಾಕ್ಸನ್ನೂ ಶಾಫ್ಟನ್ನೂ ಜೋಡಿಸುವ ಹಿಂದಿನ ಕಪ್ಲಿಂಗ್ ಬಿಚ್ಚಿದ ಮೇಲೆ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿದುಕೊಳ್ಳುವುದು ಏನೂ ಇರುವುದಿಲ್ಲ. ಅದು ಹಿಂದಕ್ಕೆ ಜಾರಬಹುದು, ಪೂರ್ತಿ ಜಾರಿ ಹೊರಟರೆ ಶಾಫ್ಟಿನ ದಪ್ಪದ ತೂತೇ ತಳದಲ್ಲಿ ತೆರೆದುಕೊಳ್ಳುತ್ತದೆ. ಕಪ್ಲಿಂಗ್ ಮುಟ್ಟುವ ಮೊದಲು ಶಾಫ್ಟಿನ ಒಳಭಾಗಕ್ಕೆ ಗಟ್ಟಿ ಕ್ಲ್ಯಾಂಪ್ ಹಾಕಿ ಬಿಗಿಯಿರಿ. ಬೋಟನ್ನು ದಡಕ್ಕೆ ಎತ್ತಿಸಿ ಕೆಲಸ ಮಾಡಿದರೆ ಈ ಮೂರು ಭಯವೂ ಇಲ್ಲ, ಆದರೆ ಆಗ ಎಂಜಿನ್ನನ್ನು ಎತ್ತರದಿಂದ ನೆಲಕ್ಕೆ ಇಳಿಸಬೇಕು. ಎರಡರಲ್ಲಿ ಯಾವುದು ಸುಲಭ ಅನ್ನುವುದು ನಿಮ್ಮ ಬೋಟನ್ನು ನೋಡಿ ತೀರ್ಮಾನ ಮಾಡಬೇಕಾದದ್ದು.

ಪೆಟ್ರೋಲ್ ಎಂಜಿನ್ ಆದರೆ ಇನ್ನೊಂದು ಮಾತು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಬೋಟಿನ ತಳದಲ್ಲಿ ಹೋಗಿ ಕೂರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಒಂದು ಕಿಡಿ ಸಾಕು. ಟ್ಯಾಂಕಿನ ನಲ್ಲಿ ಮುಚ್ಚಿ, ಪೈಪಿನ ಬಾಯಿ ಕಟ್ಟಿ, ಗಾಳಿಯಾಡಲು ಬಿಡಿ, ಆಮೇಲೆ ಕೆಲಸ ಶುರು ಮಾಡಿ. ಗ್ರೈಂಡರ್, ಗ್ಯಾಸ್ ಟಾರ್ಚು ಒಳಗೆ ತರಲೇಬೇಡಿ.

ಈಗ ಎತ್ತುವ ವಿಚಾರ. ಒಂದೇ ಸಿಲಿಂಡರಿನ ಸಣ್ಣ ಡೀಸೆಲ್ ಎಂಜಿನ್ ಗೇರ್ ಬಾಕ್ಸ್ ಸೇರಿ ಸುಮಾರು 80ರಿಂದ 100 ಕೆಜಿ ತೂಗುತ್ತದೆ. ನಾಲ್ಕು ಸಿಲಿಂಡರಿನದ್ದು 200 ಕೆಜಿ ದಾಟುವುದು ಮಾಮೂಲು, ದೊಡ್ಡದಾದರೆ ಇನ್ನೂ ಎಷ್ಟೋ ಪಟ್ಟು. ನಿಮ್ಮ ಎಂಜಿನ್ನಿನ ಪುಸ್ತಕದಲ್ಲಿ ತೂಕ ಬರೆದಿರುತ್ತದೆ, ಅಂದಾಜಿನ ಮೇಲೆ ಹೋಗಬೇಡಿ. ತೂಕದಷ್ಟೇ ಮುಖ್ಯ ದಾರಿ. ಎಂಜಿನ್ ಬಾಗಿಲಲ್ಲಿ ಹಿಡಿಸುತ್ತದಾ? ಎಷ್ಟೋ ಬೋಟುಗಳಲ್ಲಿ ಎಂಜಿನ್ ಇಳಿಸಿದ ಮೇಲೆ ಡೆಕ್ ಕೂರಿಸಿರುತ್ತಾರೆ, ಹಾಗಾಗಿ ಒಳಗೆ ಹೋದದ್ದು ಹಾಗೇ ಹೊರಗೆ ಬರುತ್ತದೆ ಅಂತ ಇಲ್ಲ. ಟೇಪು ಹಿಡಿದು ಅಳೆಯಿರಿ. ಗೇರ್ ಬಾಕ್ಸು, ಹೆಡ್ಡು, ಹೀಟ್ ಎಕ್ಸ್‌ಚೇಂಜರು, ಸ್ಟಾರ್ಟರು ಬೇರೆ ಮಾಡಿದರೆ ಬರುತ್ತದಾ ಅಂತ ಲೆಕ್ಕ ಹಾಕಿ. ತುಂಡು ತುಂಡಾಗಿ ತೆಗೆಯುವುದು ನಿಧಾನ, ಆದರೆ ಪ್ರತಿ ತುಂಡೂ ಹಗುರ, ಪ್ರತಿ ಎತ್ತುವಿಕೆಯೂ ಸಲೀಸು. ಹೇಗೂ ರಿಪೇರಿಗೆ ಬಿಚ್ಚಲೇಬೇಕಾದ ಎಂಜಿನ್ನನ್ನು ಇಡಿಯಾಗಿ ಎತ್ತಲು ಒದ್ದಾಡುವುದು ಯಾಕೆ?

ಚೈನ್ ಪುಲ್ಲಿ ತೂಕಕ್ಕಿಂತ ಎರಡು ಪಟ್ಟಾದರೂ ತಡೆಯುವಂಥದ್ದಿರಲಿ. ಅದನ್ನು ತೂಗುಹಾಕುವ ತೊಲೆಯೂ, ತೊಲೆಯ ಕಾಲು ನಿಂತ ಜಾಗವೂ ಅಷ್ಟೇ ಗಟ್ಟಿ ಇರಬೇಕು. ಡೆಕ್ಕಿನ ಹಲಗೆ ಒಂದೇ ಬಿಂದುವಿನ ಮೇಲೆ ಅಷ್ಟು ಭಾರ ಹೊರಲು ಮಾಡಿದ್ದಲ್ಲ, ಕೆಳಗೆ ಅಗಲದ ಹಲಗೆ ಹಾಕಿ ಭಾರ ಹರಡಿ. ಸರಪಳಿಯ ಎರಡು ಕಾಲು ಅಗಲವಾದಷ್ಟೂ ಒಂದೊಂದರ ಮೇಲೂ ಎಳೆತ ಏರುತ್ತದೆ. ನೆಲಕ್ಕೆ 30 ಡಿಗ್ರಿ ಕೋನಕ್ಕೆ ಬಂದಾಗ ಒಂದೊಂದು ಕಾಲಿನ ಮೇಲೂ ಎಂಜಿನ್ನಿನ ಪೂರ್ತಿ ತೂಕದಷ್ಟು ಎಳೆತ ಬೀಳುತ್ತದೆ. ಎಂಜಿನ್ನಿನಲ್ಲೇ ಎತ್ತಲು ಕೊಂಡಿಗಳಿರುತ್ತವೆ, ಎರಡನ್ನೂ ಬಳಸಿ, ತುಕ್ಕು ತಿಂದಿದೆಯಾ ನೋಡಿ. ಹಾಯಿ ದೋಣಿಯವರು ಬೂಮಿನಿಂದ (ಹಾಯಿಯ ಕೆಳಗಿನ ಅಡ್ಡ ತೊಲೆಯಿಂದ) ಎತ್ತುವುದುಂಟು. ಮೇಲಿನಿಂದ ಹಗ್ಗ ಕಟ್ಟಿ, ಭಾರ ಬೀಳುವ ಜಾಗಕ್ಕೇ ಆಸರೆ ಕೊಟ್ಟರೆ ಮಾತ್ರ ಅದು ಸರಿ. ಇಬ್ಬರಾದರೂ ಇರಬೇಕು, ಹೇಳುವವರು ಒಬ್ಬರೇ ಇರಬೇಕು. ತೂಗುತ್ತಿರುವ ಎಂಜಿನ್ನಿನ ಕೆಳಗೆ ಕೈಯನ್ನಾಗಲಿ ಕಾಲನ್ನಾಗಲಿ ಯಾವ ಕಾರಣಕ್ಕೂ ಇಡಬೇಡಿ. ಸಿಕ್ಕಿಕೊಂಡ ಹೋಸು ಬಿಡಿಸಲು ಕೈ ಹಾಕುತ್ತೇವಲ್ವಾ, ಬೆರಳು ಹೋಗುವುದು ಆಗಲೇ. ಅದನ್ನು ಬಿಡಿಸಬೇಕು ಅಂದರೆ ಎಂಜಿನ್ ಮತ್ತೆ ಕೆಳಗೆ ಕೂರಿಸಿ. ಇದರಲ್ಲಿ ಯಾವುದಾದರೂ ಒಂದಕ್ಕೆ ನಿಮ್ಮಲ್ಲಿ ಸರಿಯಾದ ಉತ್ತರ ಇಲ್ಲದಿದ್ದರೆ ಒಂದು ಗಂಟೆಗೆ ಕ್ರೇನ್ ತರಿಸಿ. ಅದಕ್ಕೆ ಕೊಟ್ಟ ದುಡ್ಡು ದಂಡ ಅಲ್ಲ.

ಎಲ್ಲ ಬೋಟೂ ಒಂದೇ ರೀತಿ ಇಲ್ಲ. ಹಿಂದೆ ತೂಗುಹಾಕುವ ಔಟ್‌ಬೋರ್ಡ್ ಆದರೆ ಇಷ್ಟು ಯೋಚನೆಯೇ ಬೇಡ. ಸಣ್ಣದಾದರೆ ಕ್ಲ್ಯಾಂಪ್ ಬಿಚ್ಚಿ ಇಬ್ಬರು ಎತ್ತಿ ಮೇಜಿನ ಮೇಲೆ ಇಟ್ಟುಕೊಳ್ಳಬಹುದು. ಎಂಜಿನ್ ಒಳಗಿದ್ದು ಪ್ರೊಪೆಲ್ಲರಿನ ಕಾಲು ಹಿಂದೆ ಹೊರಗಿರುವ ಸ್ಟರ್ನ್‌ಡ್ರೈವ್ ಆದರೆ ಮೊದಲು ಆ ಹೊರಗಿನ ಕಾಲನ್ನು ಕಳಚಬೇಕು, ಅದರ ಶಾಫ್ಟು ಎಂಜಿನ್ನಿನೊಳಗೆ ಹೊಕ್ಕಿರುತ್ತದೆ. ಬೋಟಿನ ತಳದಿಂದಲೇ ಕಾಲು ಇಳಿಯುವ ಸೇಲ್‌ಡ್ರೈವ್ ಆದರೆ ಆ ಕಾಲಿನ ಸುತ್ತ ಇರುವ ರಬ್ಬರು ಸೀಲೇ ನೀರನ್ನು ತಡೆಯುವುದು. ನೀರಿನ ಮೇಲಿರುವಾಗ ಅದನ್ನು ಅಲುಗಿಸಲೇಬಾರದು.

ತೆಗೆದದ್ದನ್ನು ವಾಪಸು ಕೂರಿಸಬೇಕಲ್ವಾ? ಅದಕ್ಕೆ ಸಿದ್ಧತೆ ತೆಗೆಯುವಾಗಲೇ ಆಗಬೇಕು. ಎಂಜಿನ್ ಕೂತ ರಬ್ಬರ್ ಮೌಂಟುಗಳ ನಟ್ಟು ಯಾವ ಎತ್ತರದಲ್ಲಿದೆ ಅಂತ ಅಳೆದು ಬರೆದಿಡಿ. ಅವುಗಳ ಕೆಳಗೆ ತಗಡಿನ ತುಂಡು ಇಟ್ಟಿದ್ದರೆ ಯಾವುದು ಯಾವ ಮೂಲೆಯದು ಅಂತ ಗುರುತು ಹಾಕಿ. ಬೇರೆ ಎಂಜಿನ್ ಹಾಕುವ ಯೋಚನೆ ಇದ್ದರೆ ಮೌಂಟುಗಳ ನಡುವಿನ ಅಗಲ, ಶಾಫ್ಟಿನ ಎತ್ತರ, ಗೇರ್ ಬಾಕ್ಸಿನ ಅನುಪಾತ, ಪ್ರೊಪೆಲ್ಲರ್ ತಿರುಗುವ ದಿಕ್ಕು ಇವನ್ನೆಲ್ಲ ಹಳೆಯದು ಅಲ್ಲಿರುವಾಗಲೇ ಬರೆದುಕೊಳ್ಳಿ. ವಾಪಸು ಕೂರಿಸುವಾಗ ಗೇರ್ ಬಾಕ್ಸಿನ ಕಪ್ಲಿಂಗೂ ಶಾಫ್ಟಿನ ಕಪ್ಲಿಂಗೂ ಮುಖಕ್ಕೆ ಮುಖ ಕೂರಬೇಕು. 100 ಮಿ.ಮೀ. ಅಗಲದ ಕಪ್ಲಿಂಗಿಗೆ ಸುತ್ತಲೂ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಹಾಕಿ ನೋಡಿದಾಗ ವ್ಯತ್ಯಾಸ 0.1 ಮಿ.ಮೀ. ಒಳಗೆ ಇರಬೇಕು ಅನ್ನುವುದು ಸಾಮಾನ್ಯವಾಗಿ ಎಲ್ಲರೂ ಪಾಲಿಸುವ ಲೆಕ್ಕ. ಅದನ್ನೂ ಕೊನೆಗೆ ಬೋಟು ನೀರಿನ ಮೇಲಿರುವಾಗಲೇ ನೋಡಬೇಕು, ದಡದ ಮೇಲೆ ನಿಂತ ಬೋಟಿನ ಮೈ ನೀರಿಗೆ ಇಳಿದಾಗ ಸ್ವಲ್ಪ ಬದಲಾಗುತ್ತದೆ. ಇಲ್ಲಿ ತಪ್ಪಿದರೆ ಬೋಟು ನಡುಗುತ್ತದೆ, ಗೇರ್ ಬಾಕ್ಸಿನ ಸೀಲು, ಶಾಫ್ಟಿನ ಬೇರಿಂಗ್ ಬೇಗ ಸವೆಯುತ್ತವೆ. ತೆಗೆಯುವುದನ್ನು ಒಪ್ಪಿಕೊಂಡವರು ಈ ಕೆಲಸ ಯಾರು ಮಾಡುತ್ತಾರೆ ಅಂತ ಮೊದಲೇ ಗೊತ್ತು ಮಾಡಿಕೊಂಡಿರಲಿ.

ಎಂಜಿನ್ ಹೊರಗೆ ಬಂದಾಗ ಒಂದು ಲಾಭವೂ ಇದೆ. ಅಲ್ಲಿಯವರೆಗೆ ಕೈ ಹೋಗದ ಜಾಗಗಳು ತೆರೆದುಕೊಳ್ಳುತ್ತವೆ. ಎಂಜಿನ್ ಕೂತ ತೊಲೆಗಳು ಎಣ್ಣೆ ನೀರು ಕುಡಿದು ಮೆತ್ತಗಾಗಿವೆಯಾ, ಶಾಫ್ಟಿನ ಸುತ್ತ ನೀರು ತಡೆಯುವ ಗ್ಲ್ಯಾಂಡ್ ಹೇಗಿದೆ, ಹೋಸುಗಳು ಬಿರುಕು ಬಿಟ್ಟಿವೆಯಾ ಅಂತ ಆಗಲೇ ನೋಡಿ ಬದಲಿಸಿಬಿಡಿ.

ಪ್ರಶ್ನೆ ಕೇಳಿದ ಆ ಓದುಗರಿಗೆ ನಿಮ್ಮ ಮೂಲಕ ಒಂದು ಕೋರಿಕೆ. ಎಂಜಿನ್ ಯಾವುದು, ಡೀಸೆಲ್ಲಾ ಪೆಟ್ರೋಲಾ, ಓಡುತ್ತಾ ನಿಂತದ್ದಾ ಇಲ್ಲಾ ನಿಂತು ನಿಂತು ಹಿಡಿದದ್ದಾ, ಆಯಿಲಿನ ಬಣ್ಣ ಏನು, ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚಿದಾಗ ನೀರು ಬಂತಾ ಅಂತ ಬರೆದು ತಿಳಿಸಲಿ. ಈ ಐದು ವಿಷಯ ಗೊತ್ತಾದರೆ ನಿಮ್ಮ ಅಂಕಣದಲ್ಲಿ ಉತ್ತರ ಹೇಳುವವರೂ ಒಂದು ಸಾಲಿಗಿಂತ ಜಾಸ್ತಿ ಹೇಳಬಹುದು. ಅಲ್ಲಿಯವರೆಗೆ ಅವರು ಸ್ಟಾರ್ಟರ್ ಬಟನ್ ಮಾತ್ರ ಮುಟ್ಟದಿರಲಿ.

ಇತಿ,
ನಿಮ್ಮ ಓದುಗ